ಮೂರು ಕೆಂಪು ಹೊಲಿಗೆ

ಗುರುವಾರ ಊಟಕ್ಕೆ ಕೂತ ತಮ್ಮ ತಟ್ಟೆಯಿಂದ ತಲೆಯೆತ್ತದೆ, ಭಾನುವಾರ ಹಾಯಿದೋಣಿಗಳ ಪಂದ್ಯ ಇದೆ, ನಾವಿಬ್ಬರೂ ಹೋಗಿ ನೋಡಿಕೊಂಡು ಬರೋಣ, ಅಪ್ಪ ಇದ್ದಾಗ ಹೋಗುತ್ತಿದ್ದೆವಲ್ಲ ಹಾಗೆ ಮೂರೂ ದೀಪಸ್ತಂಭ ಹತ್ತೋಣ ಎಂದಾಗ ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಪ್ಪ ತೀರಿಕೊಂಡು ಒಂಬತ್ತು ವರ್ಷ. ಈ ಒಂಬತ್ತು ವರ್ಷದಲ್ಲಿ ಆಸಾಮಿ ಒಂದು ಸಲವೂ ಪಂದ್ಯದ ಸುದ್ದಿ ಎತ್ತಿದವನಲ್ಲ. ಅಕ್ಕನನ್ನು ಬೀದಿ ತುದಿಯ ಟೀ ಅಂಗಡಿಗೂ ಕರೆದುಕೊಂಡು ಹೋದವನಲ್ಲ. ಈಗ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ ಹರಿಯಲು ಏನಾಗಿದೆ ಇವನಿಗೆ?

ಅಕ್ಕ ಮೊದಲಿನಿಂದಲೂ ಸಂಶಯದ ಪ್ರಾಣಿ. ಹೊಸ ದಾರದ ಉಂಡೆ ಬಂದರೆ ಮೂಸಿ ನೋಡಿ, ಹಲ್ಲಿನಿಂದ ಕಚ್ಚಿ ನೋಡಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಮೇಲೆ "ಇದರಲ್ಲೇನೋ ಇದೆ" ಎನ್ನುವವಳು. ಕಳೆದ ಒಂದು ವರ್ಷದಲ್ಲಿ ದಾರದ ವ್ಯಾಪಾರಿಯನ್ನು ಮೂರು ಸಲ ಬದಲಾಯಿಸಿದ್ದಳು. ಈಗಿನ ದಾರಕ್ಕೆ ಮೇಣ ಹಿಡಿಯುವುದಿಲ್ಲ, ಎಳೆದರೆ ಬಿಗಿ ನಿಲ್ಲುವುದಿಲ್ಲ, ಎಲ್ಲ ಕಲಬೆರಕೆ ಎಂಬುದು ಅವಳ ದೂರು. ಮೂರನೆಯ ವ್ಯಾಪಾರಿ, ಪಾಪ, ಈಗ ಅವಳನ್ನು ದೂರದಲ್ಲಿ ಕಂಡರೂ ಒಳಕೋಣೆಗೆ ಜಾರಿಕೊಳ್ಳುತ್ತಾನೆ.

ಬಂದರಿನ ಹಿಂದಿನ ಬೀದಿಯಲ್ಲಿ, ಹಗ್ಗದಂಗಡಿಯ ಮೇಲಿನ ಮಹಡಿಯಲ್ಲಿ ಅವರ ಹಾಯಿ ಹೊಲಿಯುವ ಅಂಗಡಿ. ಅಪ್ಪ ಶುರು ಮಾಡಿದ್ದು. ಇಡೀ ಹಾಯಿಯನ್ನು ಹರವಲು ಬರುವಷ್ಟು ಉದ್ದದ ಮರದ ನೆಲ. ಚಪ್ಪಲಿ ಹಾಕಿಕೊಂಡು ಅದರ ಮೇಲೆ ಕಾಲಿಟ್ಟವರ ಗತಿ ಮುಗಿಯಿತು. ನೆಲದ ನಡುವೆ ಒಂದು ಗುಂಡಿ, ಗುಂಡಿಯಲ್ಲಿ ಹೊಲಿಗೆ ಮಿಷನ್ನು, ಅದರ ಮುಂದೆ ಸೊಂಟದವರೆಗೆ ಹೂತುಹೋದವನಂತೆ ಕೂತ ತಮ್ಮ. ಬಟ್ಟೆ ಕತ್ತರಿಸುವುದು, ಪಟ್ಟಿಗಳನ್ನು ಕೂಡಿಸುವುದು, ಮುಗಿದ ಹಾಯಿಯನ್ನು ದೋಣಿಯವರಿಗೆ ತಲುಪಿಸುವುದು ಅವನ ಕೆಲಸ. ಕೈಹೊಲಿಗೆ ಅಕ್ಕನದು. ಹಾಯಿಯ ಮೂಲೆಗೆ ಒಂದೊಂದು ಹಿತ್ತಾಳೆಯ ಬಳೆ ಇರುತ್ತದೆ. ಹಗ್ಗ ಬಿಗಿಯುವುದು ಆ ಬಳೆಗೆ, ಗಾಳಿಯ ಭಾರವೆಲ್ಲ ಬಂದು ಬೀಳುವುದೂ ಆ ಬಳೆಯ ಮೇಲೆ. ಬಲ ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಪಟ್ಟಿಯಲ್ಲಿ ಕೂರಿಸಿದ ಕಬ್ಬಿಣದ ಬಿಲ್ಲೆಯಿಂದ ದಪ್ಪ ಸೂಜಿಯನ್ನು ತಳ್ಳಿ, ಮೇಣದ ದಾರವನ್ನು ಒಂದೊಂದು ಹೊಲಿಗೆಗೂ ಜೀವ ಬಿಟ್ಟು ಎಳೆದು ಅದನ್ನು ಕೂರಿಸಬೇಕು. ಕೊನೆಗೆ ಪಕ್ಕದಲ್ಲಿ ಕೆಂಪು ದಾರದ ಮೂರು ಹೊಲಿಗೆ. ಆ ಮೂರು ಹೊಲಿಗೆ ಮೊದಲು ಅಪ್ಪನ ಗುರುತಾಗಿತ್ತು, ಈಗ ಅಕ್ಕನದು. ಅದನ್ನು ಕಂಡ ದೋಣಿಯವರು ಬಳೆಯನ್ನು ಎಳೆದು ನೋಡುವ ಗೋಜಿಗೇ ಹೋಗುವುದಿಲ್ಲ.

ತಮ್ಮನಿಗೆ ಆ ಸೂಜಿ ಯಾಕೆ ಸಿಗಲಿಲ್ಲವೆಂದರೆ ಅವನು ಎಡಚ. ಬಲಗೈಯವರ ಹೊಲಿಗೆ ಒಂದು ಕಡೆಗೆ ವಾಲಿದರೆ ಎಡಗೈಯವರದು ಇನ್ನೊಂದು ಕಡೆಗೆ ವಾಲುತ್ತದೆ. ಒಂದು ಹಾಯಿಗೆ ಒಂದೇ ಕೈ ಎಂಬುದು ಅಪ್ಪನ ಕಟ್ಟುನಿಟ್ಟು. ಹತ್ತು ವರ್ಷದ ತಮ್ಮ ಆಸೆಪಟ್ಟು ಹೊಲಿದ ಮೊದಲ ಬಳೆಯನ್ನು ಅಪ್ಪ ಒಂದೂ ಮಾತಾಡದೆ ಕತ್ತರಿಯಿಂದ ಬಿಡಿಸಿ ಹಾಕಿದ್ದ. ಅವತ್ತಿನಿಂದ ತಮ್ಮ ಕೈಸೂಜಿ ಮುಟ್ಟಿದ್ದನ್ನು ಅಕ್ಕ ಕಂಡಿರಲಿಲ್ಲ.

ನಾಲ್ಕು ತಿಂಗಳಿಂದ ಇವನ ವರಸೆಯೇ ಬದಲಾಗಿತ್ತು. ಭಾನುವಾರ ಬೆಳಗಾದರೆ ಮಿಷನ್ನಿಗೆ ಎಣ್ಣೆ ಬಿಡಬೇಕೆಂದು ಒಬ್ಬನೇ ಅಂಗಡಿಗೆ ಹೋಗುತ್ತಿದ್ದ. ಅವನು ಬಿಟ್ಟ ಎಣ್ಣೆಗೆ ಇಷ್ಟು ಹೊತ್ತಿಗೆ ಮಿಷನ್ನೇ ಕರಿದು ಹೋಗಬೇಕಿತ್ತು. ಅಕ್ಕ ಶುಕ್ರವಾರ ಮುಗಿಸಿದ ಹಾಯಿಯನ್ನು ಶನಿವಾರವೇ ತಲುಪಿಸುತ್ತಿದ್ದವನು ಈಗ ಸೋಮವಾರ ಕೊಟ್ಟರಾಯಿತು ಎಂದು ಉಳಿಸಿಕೊಳ್ಳುತ್ತಿದ್ದ. ಎಡ ಅಂಗೈಯಲ್ಲಿ ಯಾವಾಗ ನೋಡಿದರೂ ಒಂದು ಪ್ಲಾಸ್ಟರು; ಕೇಳಿದರೆ ಕತ್ತರಿ ತಗುಲಿತು ಎನ್ನುತ್ತಾನೆ. ಕತ್ತರಿ ಹಿಡಿಯುವುದೇ ಎಡಗೈಯಲ್ಲಿ, ಹಿಡಿದ ಕೈಯನ್ನೇ ಅದು ಹೇಗೆ ಕತ್ತರಿಸುತ್ತದೆ? ಇದರ ಮೇಲೆ, ಪಕ್ಕದ ಬಂದರಿನಲ್ಲಿ ಎಲ್ಲವನ್ನೂ ಮಿಷನ್ನಿನಲ್ಲೇ ಮಾಡುವ ದೊಡ್ಡ ಹಾಯಿ ಕಂಪನಿಯೊಂದು ತಲೆಯೆತ್ತಿತ್ತು. ಅದರವರು ಎರಡು ಸಲ ಬಂದು, ಅಂಗಡಿಯನ್ನೂ ಕೆಂಪು ಗುರುತನ್ನೂ ತಮಗೆ ಬಿಟ್ಟುಕೊಡಿ ಎಂದು ಕೇಳಿದ್ದರು. ಅಕ್ಕ ಎರಡು ಸಲವೂ ಮೆಟ್ಟಿಲು ತೋರಿಸಿದ್ದಳು. ತಮ್ಮ ಎರಡು ಸಲವೂ ಅವರನ್ನು ಬೀದಿಯವರೆಗೆ ಕಳಿಸಿ ಬಂದಿದ್ದ.

ಇಷ್ಟನ್ನೂ ಒಂದಕ್ಕೊಂದು ಕೂಡಿಸಲು ಅಕ್ಕನಿಗೆ ಮಿಷನ್ನು ಬೇಕಿರಲಿಲ್ಲ. ಇವನು ಅಂಗಡಿ ಕೊಟ್ಟುಬಿಟ್ಟಿದ್ದಾನೆ, ಹೇಳಲು ಧೈರ್ಯವಿಲ್ಲದೆ ಗಾಳಿ ಸೇವನೆಗೆ ಕರೆದೊಯ್ಯುತ್ತಿದ್ದಾನೆ. ಆ ಅಂಗಡಿ ಬಿಟ್ಟರೆ ಅವಳಿಗೆ ಬೇರೆ ಲೋಕವೇ ಇರಲಿಲ್ಲ. ಮದುವೆಯಾಗಲಿಲ್ಲ, ಬೇರೆ ಕಸುಬು ಕಲಿಯಲಿಲ್ಲ, ಐವತ್ತೆಂಟು ವರ್ಷದಲ್ಲಿ ನಲವತ್ತೆರಡನ್ನು ಆ ಮರದ ನೆಲದ ಮೇಲೆ ಮಂಡಿಯೂರಿ ಕಳೆದವಳು. ಬರುತ್ತೇನೆ ಎಂದಳು. ಇವನ ಬಾಯಿ ಬಿಡಿಸದೆ ಬಿಡುವುದಿಲ್ಲ ಎಂದು ಒಳಗೊಳಗೇ ಅಂದುಕೊಂಡಳು.

ಭಾನುವಾರ ಬೆಳಗ್ಗೆ ತಮ್ಮನ ಹೆಂಡತಿ ಕಟ್ಟಿಕೊಟ್ಟ ಬುತ್ತಿ ನೋಡಿ ಸಂಶಯ ಇನ್ನಷ್ಟು ಗಟ್ಟಿಯಾಯಿತು. ಬ್ರೆಡ್ಡಿನ ನಡುವೆ ಧಾರಾಳವಾಗಿ ಬೆಣ್ಣೆ, ಬೇಯಿಸಿ ಸುಲಿದಿಟ್ಟ ಮೊಟ್ಟೆ, ಕಿತ್ತಳೆ, ಫ್ಲಾಸ್ಕಿನಲ್ಲಿ ಟೀ. ಬೆಣ್ಣೆ ಬ್ರೆಡ್ಡಿಗೆ ಮಾತ್ರ ಹಚ್ಚುತ್ತಿಲ್ಲ, ತನಗೂ ಹಚ್ಚುತ್ತಿದ್ದಾರೆ ಎಂದು ಅಕ್ಕನಿಗೆ ಖಾತ್ರಿಯಾಯಿತು. ತಮ್ಮನ ಹೆಗಲಲ್ಲಿ ಬುತ್ತಿಯ ಚೀಲದ ಜೊತೆಗೆ ಬಾಯಿ ಕಟ್ಟಿದ ಇನ್ನೊಂದು ಬಟ್ಟೆಯ ಚೀಲ. ಏನದು ಎಂದು ಕೇಳಿದಳು. ಅಪ್ಪನ ದುರ್ಬೀನು ಎಂದ. ದುರ್ಬೀನು ಅವನ ಕೊರಳಲ್ಲೇ ನೇತಾಡುತ್ತಿತ್ತು. ಅವನು ಎದೆ ನೋಡಿಕೊಂಡು, ನಾಲಿಗೆ ಕಚ್ಚಿ, ಚಳಿಯಾದರೆ ಅಂತ ಒಂದು ಶಾಲು ಎಂದ. ಬೆಳಗ್ಗೆ ಎಂಟಕ್ಕೇ ಬೆನ್ನು ಸುಡುವ ಬಿಸಿಲಿತ್ತು.

ಬಸ್ಸಿನಲ್ಲಿ ಕಿಟಕಿಯ ಸೀಟು ಅವಳಿಗೆ ಬಿಟ್ಟುಕೊಟ್ಟ. ನಾಲ್ಕು ವರ್ಷದವನಿದ್ದಾಗಿನಿಂದ ಕಿಟಕಿಯ ಸೀಟಿಗಾಗಿ ಅವಳ ಜಡೆ ಎಳೆದವನು. ಅಕ್ಕ ಕೂತಳು, ಆದರೆ ಸಮುದ್ರ ನೋಡಲಿಲ್ಲ. ಕಿಟಕಿಯ ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು, ಅದನ್ನೇ ನೋಡಿದಳು. ದಾರಿಯುದ್ದಕ್ಕೂ ಅವನ ತುಟಿ ಏನನ್ನೋ ಬಾಯಿಪಾಠ ಮಾಡುತ್ತಿತ್ತು.

ಮೊದಲನೆಯ ದೀಪಸ್ತಂಭ ಬಂಡೆಯ ತುದಿಯಲ್ಲಿ ನಿಂತ ಬಿಳಿಯದು. ಪಂದ್ಯದ ದಿನ ಅಪ್ಪ ಇವರನ್ನು ಇಲ್ಲಿಗೆ ಕರೆತರುತ್ತಿದ್ದದ್ದು ಮೋಜಿಗಲ್ಲ. ಹಾಯಿಯನ್ನು ನೆಲದ ಮೇಲೆ ಹರವಿದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಅದರ ತಪ್ಪು ಹೊರಬೀಳುವುದು ಗಾಳಿ ತುಂಬಿದಾಗ, ಅದೂ ಮೇಲಿನಿಂದ ನೋಡಿದಾಗ. ವರ್ಷವಿಡೀ ಅಂಗಡಿಯಲ್ಲಿ ಅಪ್ಪ ಯಾರ ಕೆಲಸಕ್ಕೂ ಬಾಯಿಬಿಟ್ಟು ಹೆಸರಿಡುತ್ತಿರಲಿಲ್ಲ. ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ಈ ಒಂದು ದಿನ, ಮೇಲಿನ ಕಂಬಿಗೆ ಒರಗಿ, ದುರ್ಬೀನು ಕೈಗೆ ಕೊಟ್ಟು, ಏಳನೇ ನಂಬರಿನ ಮೂಲೆ ನೋಡು ಎನ್ನುತ್ತಿದ್ದ. ಅಷ್ಟೇ. ನೋಡಿದವರಿಗೆ ತಪ್ಪು ತಾನಾಗಿ ಕಾಣುತ್ತಿತ್ತು. ಹದಿನೇಳನೇ ವಯಸ್ಸಿನಲ್ಲಿ ಅಕ್ಕ ಇಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಿದ್ದುಂಟು. ಮೂವತ್ತು ದಾಟಿದ ಮೇಲೆ ಅಪ್ಪ ಅವಳಿಗೆ ದುರ್ಬೀನು ಕೊಟ್ಟದ್ದಿಲ್ಲ. ತೋರಿಸುವಂಥದ್ದು ಏನೂ ಉಳಿದಿರಲಿಲ್ಲ.

ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದರೆ ಬಲ ಹೆಬ್ಬೆರಳ ಬುಡದಲ್ಲಿ ಚಳಕು ಹೊಡೆಯಿತು. ಕಂಬಿಗೆ ತುಕ್ಕು ಹಿಡಿದು ಒರಟಾಗಿದೆ ಎಂದು ಬೈದುಕೊಂಡು ಕೈ ಬದಲಾಯಿಸಿದಳು. ಆ ಚಳಕು ಒಂದು ವರ್ಷದಿಂದ ಇತ್ತು. ಮಲಗುವ ಮುಂಚೆ ಬಾಗಿಲು ಹಾಕಿಕೊಂಡು ಎಣ್ಣೆ ತಿಕ್ಕಿಕೊಳ್ಳುವುದು ಅವಳಿಗೂ ಎಣ್ಣೆಯ ಬಾಟಲಿಗೂ ಮಾತ್ರ ಗೊತ್ತಿದ್ದ ವಿಷಯ.

ಮೇಲೆ ದೀಪ ನೋಡಿಕೊಳ್ಳುವ ಗಡ್ಡದವರು ಇದ್ದರು, ಅಪ್ಪನ ಕಾಲದಿಂದ ಪರಿಚಯದವರು. ಯಾರಿಗೂ ಜಾಗ ಕೊಡದ ಮನುಷ್ಯ ಇವತ್ತು ಅಕ್ಕನಿಗೆ ಒಳಗಿನಿಂದ ಕುರ್ಚಿ ಹೊತ್ತು ತಂದರು. ಅವಳನ್ನು ನೋಡಿದರು, ತಮ್ಮನನ್ನು ನೋಡಿದರು. ತಮ್ಮ ಕಂಡೂ ಕಾಣದಂತೆ ತಲೆಯಾಡಿಸಿದ, ಇನ್ನೂ ಇಲ್ಲ ಎನ್ನುವಂತೆ. ಅಕ್ಕನ ಕಣ್ಣಿನಿಂದ ಅದು ತಪ್ಪಿಸಿಕೊಳ್ಳುವುದುಂಟೇ? ನನ್ನ ಕಾಲೇನು ಮುರಿದಿದೆಯಾ, ಕುರ್ಚಿ ಯಾಕೆ ಎಂದು ಕೇಳಿಯೇಬಿಟ್ಟಳು. ಗಡ್ಡದವರು ಸುಮ್ಮನೆ ನಕ್ಕು, ಮೊದಲೇ ಫಳಫಳ ಹೊಳೆಯುತ್ತಿದ್ದ ಗಾಜನ್ನು ಒರೆಸಲು ಹೋದರು.

ಕೆಳಗೆ ಪಂದ್ಯ ಶುರುವಾಯಿತು. ಇಪ್ಪತ್ನಾಲ್ಕು ದೋಣಿ, ಅದರಲ್ಲಿ ಹನ್ನೊಂದು ಇವರ ಹಾಯಿಯವು. ಗಾಳಿ ಜೋರಾಗಿತ್ತು. ಅಕ್ಕ ದುರ್ಬೀನು ಕಸಿದುಕೊಂಡು ಒಂದೊಂದನ್ನೇ ನೋಡಿದಳು. ತಮ್ಮನ ಕತ್ತರಿಯ ತಪ್ಪೇನಾದರೂ ಸಿಕ್ಕರೆ ಇವತ್ತು ಇಲ್ಲೇ ಹಿಡಿದು ಜಾಡಿಸುವುದು ಎಂಬ ಆಸೆಯೂ ಇತ್ತು. ಒಂದು ಸುಕ್ಕಿಲ್ಲ, ಒಂದು ಮೂಲೆ ಜಗ್ಗಿಲ್ಲ. ಬಳೆಗಳು ಬಂಡೆಗೆ ಬಡಿದ ಗೂಟದಂತೆ ನಿಂತಿದ್ದವು. ಅವಳಿಗೆ ಎದೆ ತುಂಬಿ ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಇಂಥ ಕೈಯನ್ನು ಇವನು ಕಂಪನಿಯವರ ಪಾಲು ಮಾಡಲು ಹೊರಟಿದ್ದಾನಲ್ಲ.

ತಮ್ಮ ಕೆಮ್ಮಿದ. ಅಕ್ಕಾ, ಆ ಹನ್ನೆರಡನೇ ನಂಬರಿನ ಮೂಲೆ ಎಂದು ಶುರು ಮಾಡಿದ. ಅವಳು ದುರ್ಬೀನು ಇಳಿಸಿ ಅವನ ಕಣ್ಣಲ್ಲಿ ಕಣ್ಣಿಟ್ಟು ಏನು ಎಂದಳು. ಚೀಲದ ಬಾಯಿಯ ಮೇಲಿದ್ದ ಅವನ ಕೈ ಹಿಂದಕ್ಕೆ ಸರಿಯಿತು. ಏನಿಲ್ಲ, ಚೆನ್ನಾಗಿ ಓಡ್ತಿದೆ ಎಂದ.

ಎರಡನೆಯದು ಬಂದರಿನ ಬಾಯಲ್ಲಿರುವ ಕುಳ್ಳ ದೀಪಸ್ತಂಭ, ಮೈತುಂಬ ಕೆಂಪು ಪಟ್ಟೆ. ಬೆಳಗಿನ ಓಟ ಮುಗಿಸಿದ ದೋಣಿಗಳು ಊಟಕ್ಕೆ ಇಲ್ಲಿನ ಕಟ್ಟೆಗೆ ಬಂದು ನಿಲ್ಲುತ್ತವೆ. ಅಕ್ಕ ತಮ್ಮ ಇಬ್ಬರೂ ಅದರ ಬುಡದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದರು. ಅಕ್ಕ ಫ್ಲಾಸ್ಕಿಗೆ ಕೈ ಹಾಕುವ ಮೊದಲೇ ತಮ್ಮ ಅದರ ಮುಚ್ಚಳ ತಿರುಗಿಸಿ ಕೊಟ್ಟ. ಕಿತ್ತಳೆಗೆ ಕೈ ಚಾಚಿದರೆ ಅದನ್ನೂ ಸುಲಿದು, ತೊಳೆ ಬಿಡಿಸಿ, ಕಾಗದದ ಮೇಲೆ ಜೋಡಿಸಿಟ್ಟ. ಹೆಂಡತಿಗೂ ಒಂದು ದಿನ ಹೀಗೆ ಸುಲಿದು ಕೊಟ್ಟಿರಲಿಕ್ಕಿಲ್ಲ. ಇದು ತೊಳೆಗೆ ಒಂದು ಇಟ್ಟಿಗೆಯಂತೆ ಅಂಗಡಿಯನ್ನು ಕಿತ್ತುಕೊಳ್ಳುವ ಉಪಾಯ ಎಂದುಕೊಂಡು ಅಕ್ಕ ಎಲ್ಲವನ್ನೂ ತಿಂದಳು. ಹಣ್ಣಿನ ಮೇಲೆ ಅವಳಿಗೇನೂ ದ್ವೇಷವಿರಲಿಲ್ಲ.

ಅಷ್ಟರಲ್ಲಿ ದೋಣಿ ಕ್ಲಬ್ಬಿನ ಕಾರ್ಯದರ್ಶಿಗಳು ದೂರದಿಂದ ಕೈಯೆತ್ತಿದರು. ಹನ್ನೆರಡನೇ ನಂಬರಿನ ದೋಣಿ ಅವರದೇ. ಎಡ ಹುಬ್ಬಿನ ಮೇಲೆ ಬೆರಳುದ್ದದ ಗಾಯದ ಗುರುತು, ಇನ್ನೂ ಗುಲಾಬಿ ಬಣ್ಣ. ಮೆಟ್ಟಿಲಿನಿಂದ ಬಿದ್ದರಂತೆ ಎಂದು ತಮ್ಮನೇ ಹಿಂದೆ ಹೇಳಿದ್ದ. ಅವನು ಎದ್ದು ಅವರ ಕಡೆ ಓಡಿದ. ಇಬ್ಬರೂ ಹಗ್ಗದ ರಾಶಿಯ ಆಚೆ ನಿಂತು ಮಾತಾಡಿದರು. ಅಕ್ಕ ಬುತ್ತಿಯ ಕಾಗದ ಎಸೆಯುವ ನೆಪದಲ್ಲಿ ರಾಶಿಯ ಈಚೆ ಬಂದು ನಿಂತಳು.

"ಇನ್ನೂ ಹೇಳಿಲ್ವಾ?" ಎಂದು ಕಾರ್ಯದರ್ಶಿಗಳು ಕೇಳುತ್ತಿದ್ದರು. "ಎಷ್ಟು ದಿನ ಅಂತ ಮುಚ್ಚಿಡ್ತೀರಿ? ಬೇರೆಯವರ ಬಾಯಿಂದ ಗೊತ್ತಾದ್ರೆ ಅವರು ನಿಮ್ಮನ್ನ ಕ್ಷಮಿಸೋದಿಲ್ಲ."

"ಇವತ್ತು ಹೇಳ್ತೀನಿ ಸರ್. ಅದಕ್ಕೇ ಕರ್ಕೊಂಡು ಬಂದಿದ್ದು" ಎಂದ ತಮ್ಮ.

ಸಂಶಯ ಪಡುವುದು ಬೇರೆ, ಅದು ನಿಜವಾಗುವುದು ಬೇರೆ. ಇಷ್ಟು ದಿನ ಒಳಗೊಂದು ಮೂಲೆಯಲ್ಲಿ, ನನ್ನ ತಮ್ಮ ಹಾಗೆ ಮಾಡುವವನಲ್ಲ ಎಂಬ ಒಂದು ಎಳೆ ಉಳಿದಿತ್ತು ಎಂಬುದು ಅದು ಕಡಿದಾಗಲೇ ಅವಳಿಗೆ ತಿಳಿದದ್ದು. ಕಾಲಿಗೆ ಏನಾದರೂ ಕೆಲಸ ಬೇಕೆಂದು ಕಟ್ಟೆಯುದ್ದಕ್ಕೂ ನಡೆದಳು. ಹನ್ನೆರಡನೇ ನಂಬರಿನ ಹಾಯಿಯನ್ನು ಇಳಿಸಿ ದೋಣಿಯ ಅಂಚಿನ ಮೇಲೆ ಮಡಚಿ ಹಾಕಿದ್ದರು. ಮೂಲೆ ಕೈಗೆ ಎಟುಕುವಂತಿತ್ತು. ನಲವತ್ತೆರಡು ವರ್ಷದ ಅಭ್ಯಾಸ. ಕೈ ತಾನಾಗಿ ಹೋಗಿ ಬಳೆಯನ್ನು ಸವರಿತು.

ಸವರಿದ ಕೈ ನಿಂತುಹೋಯಿತು. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗಿತ್ತು. ಹೊಲಿಗೆ ಎದುರು ದಿಕ್ಕಿಗೆ ವಾಲಿತ್ತು. ಬಗ್ಗಿ ನೋಡಿದಳು. ಬಳೆಯ ಸುತ್ತ ಒಂದೊಂದು ಹೊಲಿಗೆಯೂ ಎಡಗೈಯದು. ಹಿಂದೆ ತಿರುಗಿಸಿದರೆ ಗಂಟು ಎಲ್ಲರಿಗೂ ಕಾಣುವಂತೆ ಹೊರಗೇ ಕೂತಿತ್ತು. ಅಕ್ಕನ ಗಂಟು ಯಾವತ್ತೂ ಹೊರಗೆ ಕಾಣುವುದಿಲ್ಲ. ಬಟ್ಟೆಯ ಎರಡು ಪದರದ ನಡುವೆ ಅದನ್ನು ಅಡಗಿಸುವ ಬಗೆಯನ್ನು ಅಪ್ಪ ಹೇಳಿಕೊಟ್ಟದ್ದು ಅವಳೊಬ್ಬಳಿಗೇ. ಇಷ್ಟಾದರೂ ಪಕ್ಕದಲ್ಲಿ, ಏನೂ ಆಗಿಲ್ಲವೆಂಬಂತೆ, ಮೂರು ಕೆಂಪು ಹೊಲಿಗೆ. ಪಕ್ಕದ ದೋಣಿಯದು ಮುಟ್ಟಿದಳು, ಅದರ ಪಕ್ಕದ್ದು ಮುಟ್ಟಿದಳು. ಎಲ್ಲವೂ ಅವನದೇ ಕೈ. ಅವಳ ಕೆಲಸವನ್ನು ಕಿತ್ತೆಸೆದು, ತನ್ನದನ್ನು ಕೂರಿಸಿ, ಮೇಲೆ ಅವಳದೇ ಗುರುತು ಹಾಕಿದ್ದಾನೆ. ಅಕ್ಕನಿಲ್ಲದೆಯೂ ಅಂಗಡಿ ನಡೆಯುತ್ತದೆ ಎಂದು ಕಂಪನಿಯವರಿಗೆ ತೋರಿಸಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಮೂರನೆಯ ದೀಪಸ್ತಂಭಕ್ಕೆ ಹೋಗುವ ಕಾಲುದಾರಿಯಲ್ಲಿ ಅಕ್ಕ ತುಟಿ ಬಿಚ್ಚಲಿಲ್ಲ. ತಮ್ಮ ಎರಡು ಸಲ ತಿರುಗಿ ನೋಡಿದ. ಬೈಯುತ್ತಿದ್ದ ಅಕ್ಕ ಅವನಿಗೆ ಗೊತ್ತು, ಬಾಯಿಗೆ ಬೀಗ ಹಾಕಿಕೊಂಡ ಅಕ್ಕ ಹೊಸಬಳು.

ಅದು ದೀಪ ಹೋದ ಹಳೆಯ ಗೋಪುರ. ನೂರ ಹದಿನೆಂಟು ಮೆಟ್ಟಿಲು, ಮೇಲೆ ಗಾಜಿಲ್ಲದ ಕೋಣೆ, ಸುತ್ತ ಕಂಬಿ. ಯಾರ ಕಾಟವೂ ಇಲ್ಲ. ಕೆಳಗೆ ಮಧ್ಯಾಹ್ನದ ಓಟ ಹೊರಟಿತ್ತು. ಏದುಸಿರು ಇಳಿಯುವವರೆಗೂ ಕಾಯದೆ ಅಕ್ಕ ಕೇಳಿದಳು.

"ಅಂಗಡಿನ ಅವರಿಗೆ ಯಾವಾಗ ಕೊಟ್ಟೆ?"

ತಮ್ಮ ಕಣ್ಣು ಕಣ್ಣು ಬಿಟ್ಟ. ಯಾವ ಅಂಗಡಿ, ಯಾರಿಗೆ ಎಂದ.

"ನನ್ನ ಮುಂದೆ ನಾಟಕ ಬೇಡ. ಬಳೆ ಮುಟ್ಟಿ ನೋಡಿದೀನಿ. ಕೆಲಸ ನಿಂದು, ಗುರುತು ನಂದು. ಎಷ್ಟು ಹಾಯಿಗೆ ಹೀಗೆ ಮಾಡಿದೀಯಾ?"

ಅವನು ಸುಳ್ಳು ಹೇಳಲಿಲ್ಲ. "ಹನ್ನೊಂದಕ್ಕೂ" ಎಂದ. ಆಮೇಲೆ ಹೆಗಲಿನ ಚೀಲವನ್ನು ಇಳಿಸಿ, ಬಾಯಿ ಬಿಚ್ಚಿ, ಒಳಗಿಂದ ನಿಜವಾಗಿಯೂ ಒಂದು ಶಾಲು ತೆಗೆದ. ಶಾಲಿನೊಳಗೆ ಒಂದು ಹಿತ್ತಾಳೆಯ ಬಳೆ, ಅದಕ್ಕೆ ಅಂಟಿಕೊಂಡ ಅಂಗೈಯಗಲ ಹಾಯಿಬಟ್ಟೆ, ಸುತ್ತಲೂ ಜೋತ ದಾರಗಳು, ಮೂರು ಕೆಂಪು ಹೊಲಿಗೆ. ಅದನ್ನು ಅವಳ ಕೈಯಲ್ಲಿಟ್ಟು, ಮುಖ ನೋಡದೆ, ಕೆಳಗಿನ ದೋಣಿಗಳ ಕಡೆ ನೋಡುತ್ತ ಹೇಳಿದ. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದು ಒಂದೂ ನೆನಪಿಗೆ ಬಂದಂತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಗಾಳಿ ಎದ್ದ ದಿನ, ಹನ್ನೆರಡನೇ ನಂಬರಿನ ಹಾಯಿಯ ಬಳೆ ಕಿತ್ತು ಬಂದು ಕಾರ್ಯದರ್ಶಿಗಳ ಹುಬ್ಬಿಗೆ ಹೊಡೆದಿತ್ತು. ಅವರಿಗೆ ಎಚ್ಚರ ತಪ್ಪಿತ್ತು, ದೋಣಿ ಮಗುಚಿತ್ತು. ಮೊದಲನೇ ದೀಪಸ್ತಂಭದ ಗಡ್ಡದವರು ಮೇಲಿಂದ ಕಂಡು ರಕ್ಷಣೆಯ ದೋಣಿ ಕರೆಸಿದ್ದರಿಂದ ಅವರು ಬದುಕಿದ್ದರು. ಬಳೆ ಕಿತ್ತ ವಿಷಯ ಗೊತ್ತಿದ್ದದ್ದು ಆ ಇಬ್ಬರಿಗೆ ಮತ್ತು ಇವನಿಗೆ.

ಅಕ್ಕ ಬಳೆಯನ್ನು ತಿರುಗಿಸಿ ನೋಡಿದಳು. ಇದು ನನ್ನದಲ್ಲ ಎಂದಳು. ಯಾರೋ ನನ್ನ ಹೆಸರಿಗೆ ಮಸಿ ಬಳಿಯಲು ಮಾಡಿದ ಕೆಲಸ, ಕಂಪನಿಯವರೇ ಮಾಡಿಸಿರಬೇಕು, ನೀನು ಅದನ್ನು ನಂಬಿ ಕೂತಿದ್ದೀಯ ಎಂದಳು. ತಮ್ಮ ವಾದಕ್ಕೆ ಇಳಿಯಲಿಲ್ಲ. ಅವನು ವಾದಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಹಿಂದೆ ತಿರುಗಿಸಿದಳು, ಗಂಟು ಹೊರಗಿರಲಿಲ್ಲ. ಬಟ್ಟೆಯ ಎರಡು ಪದರವನ್ನು ಉಗುರಿನಿಂದ ಬಿಡಿಸಿದಳು. ಗಂಟು ಅಲ್ಲಿತ್ತು, ಒಳಗೆ, ಇಡೀ ಪ್ರಪಂಚದಲ್ಲಿ ಅವಳೊಬ್ಬಳಿಗೇ ಗೊತ್ತಿದ್ದ ಜಾಗದಲ್ಲಿ.

"ದಾರ ಸರಿಯಿಲ್ಲ" ಎಂದಳು. ದನಿ ಅವಳಿಗೇ ಕೇಳಿಸುವಷ್ಟು ಸಣ್ಣದಾಗಿತ್ತು.

"ಅದೇ ಉಂಡೆಯ ದಾರದಲ್ಲೇ ನಾನೂ ಹೊಲೀತಿರೋದು, ಅಕ್ಕಾ."

ಕೆಂಪು ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ತಡೆಯುತ್ತದೆ, ತಡೆಯಲಿ ಎಂದು ಮನಸ್ಸು ಬೇಡುತ್ತಿತ್ತು. ಒಂದು, ಎರಡು, ಮೂರು, ಹೊಲಿಗೆ ಬೆಣ್ಣೆಯಿಂದ ಕೂದಲು ಬಂದಂತೆ ಜಾರಿ ಬಂದವು. ಒಂದೂವರೆ ಗೇಣುದ್ದದ ಕೆಂಪು ದಾರ ಗಾಳಿಗೆ ಅವಳ ಕೈಯಲ್ಲಿ ಹಾರಾಡಿತು. ಈಗ ಇನ್ನು ಸಂಶಯಪಡಲು ಯಾರೂ ಉಳಿದಿರಲಿಲ್ಲ. ದಾರದ ಮೂವರು ವ್ಯಾಪಾರಿಗಳು, ಸೂಜಿ, ಮೇಣ, ಕಂಬಿಯ ತುಕ್ಕು, ತಮ್ಮ, ತಮ್ಮನ ಹೆಂಡತಿಯ ಬೆಣ್ಣೆ, ಎಲ್ಲರನ್ನೂ ಕಟಕಟೆಗೆ ಹತ್ತಿಸಿ ಆಗಿತ್ತು. ತನ್ನ ಹೆಬ್ಬೆರಳೊಂದನ್ನು ಬಿಟ್ಟು. ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಒಬ್ಬ ಮನುಷ್ಯ ಸಾಯುತ್ತಿದ್ದ, ಅವಳ ಗುರುತನ್ನು ನಂಬಿ ಬಳೆಯನ್ನು ಎಳೆದು ನೋಡದ ತಪ್ಪಿಗೆ.

ಅಂಗಡಿಯಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಅಪ್ಪ ತಪ್ಪು ಹೇಳ್ತಿದ್ದಿದ್ದು ಇಲ್ಲೇ ಅಲ್ವಾ" ಎಂದ ತಮ್ಮ. "ಅಂಗಡಿಯಲ್ಲಿ ನಿನಗೆ ತಪ್ಪು ಹೇಳೋಕೆ ನಾನ್ಯಾರು? ಬೆಳಗಿಂದ ಹೇಳಬೇಕು ಅಂತಲೇ ಹತ್ತಿ ಹತ್ತಿ ಇಳಿದೆ. ಇನ್ನೊಂದು ಲೈಟ್‌ಹೌಸ್ ಇದ್ದಿದ್ರೆ ಅದಕ್ಕೂ ಹತ್ತಿಸ್ತಿದ್ದೆನೇನೋ."

ಅಕ್ಕ ಆಗ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಪಂದ್ಯದ ದಿನ ದೀಪಸ್ತಂಭ ಹತ್ತುವುದಕ್ಕೆ ಅವರ ಮನೆಯಲ್ಲಿ ಇದ್ದದ್ದೇ ಒಂದು ಅರ್ಥ. ಗುರುವಾರದಿಂದ ಹತ್ತು ಅರ್ಥ ಹುಡುಕಿದವಳಿಗೆ ಅದೊಂದು ಹೊಳೆದಿರಲಿಲ್ಲ, ತೋರಿಸಬೇಕಾದ ತಪ್ಪು ತನ್ನದಿರಬಹುದು ಎಂದು ಅವಳು ಎಣಿಸಿರಲೇ ಇಲ್ಲವಾದ್ದರಿಂದ.

ಅವಳು ದುರ್ಬೀನು ಕೇಳಿ ತೆಗೆದುಕೊಂಡಳು. ಹನ್ನೆರಡನೇ ನಂಬರು ಗಾಳಿಗೆ ಪಕ್ಕಕ್ಕೆ ಬಾಗಿ, ಮೈಯೆಲ್ಲ ಬಿಗಿದುಕೊಂಡು ಬರುತ್ತಿತ್ತು. ಮೂಲೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಬಹಳ ಹೊತ್ತು ನೋಡಿದಳು. ಎಡಗೈ ಹೊಲಿಗೆ ಗಾಳಿಗೆ ನಿಲ್ಲುವುದಿಲ್ಲವೆಂದು ಅಪ್ಪ ಯಾವತ್ತಾದರೂ ಪರೀಕ್ಷೆ ಮಾಡಿ ನೋಡಿದ್ದನೇ? ಇಲ್ಲ. ಹತ್ತು ವರ್ಷದ ಕೂಸಿನ ಕೆಲಸವನ್ನು ನೆಲದ ಮೇಲೇ ಕತ್ತರಿಸಿ ಹಾಕಿದ್ದ, ಗಾಳಿಗೆ ಒಡ್ಡಿಯೂ ಇರಲಿಲ್ಲ. ಅದನ್ನು ನೋಡುತ್ತ ಪಕ್ಕದಲ್ಲೇ ನಿಂತಿದ್ದ ಹದಿನಾಲ್ಕು ವರ್ಷದವಳಿಗೆ ಆಗ ಒಳಗೊಳಗೇ ಖುಷಿಯಾಗಿತ್ತು. ಅದೂ ಈಗ ನೆನಪಾಯಿತು.

ದುರ್ಬೀನು ಇಳಿಸಿ, ತಮ್ಮನ ಎಡಗೈ ಹಿಡಿದುಕೊಂಡು, ಅವನು ಬೇಡ ಬೇಡ ಎನ್ನುತ್ತಿದ್ದರೂ ಪ್ಲಾಸ್ಟರು ಕಿತ್ತಳು. ಹೆಬ್ಬೆರಳ ಬುಡದಲ್ಲಿ, ಬಿಲ್ಲೆ ಕೂರಬಾರದ ಜಾಗದಲ್ಲಿ, ನಾಣ್ಯದಗಲದ ಗಾಯ, ಹಸಿಯಾಗಿಯೇ ಇತ್ತು. ಕತ್ತರಿಯ ಗಾಯವಲ್ಲ. ಗೋಡೆಯ ಮೊಳೆಯಲ್ಲಿ ತೂಗುಬಿಟ್ಟಿದ್ದ ಅಪ್ಪನ ಬಲಗೈಯ ಪಟ್ಟಿಯನ್ನು ಹಿಂದುಮುಂದಾಗಿ ಎಡಗೈಗೆ ಕಟ್ಟಿಕೊಂಡು ನಾಲ್ಕು ತಿಂಗಳ ಭಾನುವಾರಗಳನ್ನು ಕಳೆದ ಗಾಯ.

"ಕತ್ತೆ" ಎಂದಳು. "ಎಡಗೈಗೆ ಒಂದು ಪಟ್ಟಿ ಮಾಡಿಸ್ಕೋಬಾರದಾಗಿತ್ತಾ?"

ಮಾಡಿಸಿದರೆ ನಿನಗೆ ಗೊತ್ತಾಗುತ್ತಿತ್ತಲ್ಲ ಎಂದು ಅವನು ಗೊಣಗಿದ. ಅದೂ ನಿಜವೇ. ಅವರ ಅಂಗಡಿಗೆ ಒಂದು ಹೊಸ ಮೊಳೆ ಬಂದರೂ ಅಕ್ಕ ಎಲ್ಲಿಂದ ಬಂತೆಂದು ಕೇಳದೆ ಬಿಟ್ಟವಳಲ್ಲ.

ನಾಳೆಯೇ ಚರ್ಮದ ಅಂಗಡಿಗೆ ಹೋಗಬೇಕು, ತಾನೂ ಜೊತೆಗೆ ಬರುತ್ತೇನೆ, ಆ ಮನುಷ್ಯ ಹಳೆಯ ತೊಗಲು ತುರುಕುತ್ತಾನೆ, ಅವನ ಮೇಲೊಂದು ಕಣ್ಣಿರಬೇಕು ಎಂದಳು. ಹೇಳುತ್ತ ಹೇಳುತ್ತ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೈಯಲ್ಲಿದ್ದ ಕೆಂಪು ದಾರವನ್ನು ಹೊಸ ಪಟ್ಟಿಯ ಅಳತೆಗೆಂದು ತಮ್ಮನ ಎಡ ಅಂಗೈಯ ಸುತ್ತ, ಗಾಯಕ್ಕೆ ತಾಗದಂತೆ ಸುತ್ತಿದಳು. ದಾರ ದಾರವನ್ನು ಕೂಡಿದ ಕಡೆ ಅಳತೆಗೊಂದು ಗಂಟು ಹಾಕಬೇಕು. ಅಪ್ಪ ಅವಳೊಬ್ಬಳಿಗೇ ಹೇಳಿಕೊಟ್ಟಿದ್ದ ಗಂಟನ್ನು, ಅವನಿಗೆ ಕಾಣುವಂತೆ, ನಿಧಾನವಾಗಿ ಒಂದೊಂದೇ ಮಡಿಕೆಯಾಗಿ ಹಾಕಿದಳು. ನೋಡಿಕೊಂಡೆಯಾ ಎಂದು ಕೇಳಿದಳು. ತಮ್ಮ ತಲೆಯಾಡಿಸಿದ.

ಬಿಗಿಯಲು ಹೆಬ್ಬೆರಳು ಒತ್ತಿದಳು. ಚಳಕು ಮೊಣಕೈಯವರೆಗೆ ಏರಿತು, ಗಂಟು ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ಒತ್ತಿದಳು. ಆಮೇಲೆ ದಾರದ ತುದಿಯನ್ನು ಅವನ ಬೆರಳಿಗೆ ಕೊಟ್ಟಳು.

"ನೀನೇ ಎಳಿ. ನನ್ನ ಕೈಲಿ ಆಗಲ್ಲ."

ತಮ್ಮ ಎಳೆದ. ಗಂಟು ಕೂತಿತು. ಅಕ್ಕ ಅದನ್ನು ಉಗುರಿನಿಂದ ಎರಡು ಸಲ ಎಬ್ಬಿಸಿ ನೋಡಿದಳು. ಅದು ಅಲುಗಲಿಲ್ಲ.